ಕಾಣದ ಮಗುವಿಗೂ ದಾಸೋಹದ ಒಂದು ಪಾಲು



ಮಸ್ಕಿ, ಸಿಂಧನೂರು, ಲಿಂಗಸುಗೂರು ಭಾಗದ ಯಾವ ವಾಟ್ಸಾಪ್ ಗುಂಪನ್ನು ತೆರೆದರೂ ಆಗಾಗ ಒಂದೇ ಬಗೆಯ ಮನವಿ ಕಣ್ಣಿಗೆ ಬೀಳುತ್ತದೆ. ತಲೆಗೂದಲು ಉದುರಿದ ಒಂದು ಮಗುವಿನ ಚಿತ್ರ, ಆಸ್ಪತ್ರೆಯವರು ಬರೆದುಕೊಟ್ಟ ಖರ್ಚಿನ ಅಂದಾಜು, ಕೆಳಗೊಂದು ಫೋನ್‌ಪೇ ಸಂಖ್ಯೆ. ನಮ್ಮ ಜನ ಕೊಡುತ್ತಾರೆ. ನಾಟಿ ಕೂಲಿಯಿಂದ ಮರಳಿದ ತಾಯಂದಿರು ಐವತ್ತು, ನೂರು ಕಳಿಸುತ್ತಾರೆ. ಅಕ್ಕಿ ಗಿರಣಿಯವರು ಹೆಸರು ಬೇಡವೆಂದು ಹೇಳಿ ದೊಡ್ಡ ಮೊತ್ತವನ್ನೇ ಕೊಡುತ್ತಾರೆ. ಇಂತಹ ಮನವಿಗಳು ಶ್ರೀಮಠದ ಕಚೇರಿಗೂ ಬರುತ್ತವೆ, ಶಕ್ತ್ಯನುಸಾರ ನೆರವೂ ಸಲ್ಲುತ್ತದೆ. ಈ ಔದಾರ್ಯದ ಬಗ್ಗೆ ನಮ್ಮಲ್ಲಿ ಎರಡು ಮಾತಿಲ್ಲ. ಆದರೆ ಪ್ರತಿ ಸಲವೂ ಹೊಸ ಮಗುವಿನ ಚಿತ್ರ ಬರುತ್ತದೆ, ಹಳೆಯ ಮಗು ಏನಾಯಿತೆಂದು ಯಾರೂ ಕೇಳುವುದಿಲ್ಲ. ಕೊಡುವ ಕೈ ಇಷ್ಟು ದೊಡ್ಡದಿರುವಾಗ, ಆ ಕೊಡುಗೆ ಮಕ್ಕಳ ಬದುಕುವ ಅವಕಾಶವನ್ನೇ ಹೆಚ್ಚಿಸುವ ಕಡೆಗೆ ಎಷ್ಟು ಹರಿಯುತ್ತಿದೆ ಎಂಬುದನ್ನು ಭಕ್ತರ ಮುಂದೆ ಇಡುವ ಕಾಲ ಬಂದಿದೆ ಎಂದು ನಮಗನ್ನಿಸಿದೆ.

ಮೊದಲು ರೋಗದ ವಿಷಯ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 4 ಲಕ್ಷ ಮಕ್ಕಳು ಮತ್ತು ಹದಿಹರೆಯದವರು ಕ್ಯಾನ್ಸರಿಗೆ ಗುರಿಯಾಗುತ್ತಾರೆ. ಶ್ರೀಮಂತ ದೇಶಗಳಲ್ಲಿ ಇವರ ಪೈಕಿ ನೂರಕ್ಕೆ 80ಕ್ಕೂ ಹೆಚ್ಚು ಮಂದಿ ಗುಣಮುಖರಾಗುತ್ತಾರೆ. ಬಡ ಮತ್ತು ಮಧ್ಯಮ ಆದಾಯದ ಅನೇಕ ದೇಶಗಳಲ್ಲಿ ಈ ಪ್ರಮಾಣ 30ನ್ನೂ ಮುಟ್ಟುವುದಿಲ್ಲ. 2030ರ ವೇಳೆಗೆ ಜಗತ್ತಿನಾದ್ಯಂತ ನೂರರಲ್ಲಿ ಕನಿಷ್ಠ 60 ಮಕ್ಕಳಾದರೂ ಉಳಿಯಬೇಕೆಂಬ ಗುರಿಯನ್ನು ಆ ಸಂಸ್ಥೆ 2018ರಲ್ಲಿ ಹಾಕಿಕೊಂಡಿತು. ಎಂಬತ್ತಕ್ಕೂ ಮೂವತ್ತಕ್ಕೂ ನಡುವಿನ ಈ ಅಂತರವನ್ನು ಓದಿ ಮುಂದಕ್ಕೆ ಹೋಗಬಾರದು. ಒಂದೇ ರೋಗ, ಒಂದೇ ವಯಸ್ಸು. ಹುಟ್ಟಿದ ಊರು ಮಾತ್ರ ಬೇರೆ.

ದೊಡ್ಡವರ ಬಾಯಿ ಕ್ಯಾನ್ಸರಿಗೆ ತಂಬಾಕು, ಗುಟ್ಕಾಗಳನ್ನು ಬೊಟ್ಟು ಮಾಡಿ ತೋರಿಸಬಹುದು. ಮಕ್ಕಳ ಕ್ಯಾನ್ಸರಿನಲ್ಲಿ ಹಾಗೆ ತೋರಿಸಬಹುದಾದ ಚಟ, ಆಹಾರ, ಅಭ್ಯಾಸ ಬಹುತೇಕ ಇರುವುದಿಲ್ಲ. ಅದು ಅಂಟುರೋಗವಲ್ಲ. ತಾಯಿಯ ತಪ್ಪಿನಿಂದ ಬಂದದ್ದಲ್ಲ. ಹಿಂದಿನ ಜನ್ಮದ ಪಾಪವೆಂದು ಪಿಸುಗುಡುವವರು ಇಂದಿಗೂ ನಮ್ಮ ಓಣಿಗಳಲ್ಲಿದ್ದಾರೆ. ಶರಣರ ಹೆಸರು ಹೇಳಿಕೊಳ್ಳುವ ಸಮಾಜದಲ್ಲಿ ಈ ಮಾತಿಗೆ ಎಡೆಯಿರಬಾರದೆಂದು ಖಂಡಿತವಾಗಿ ಹೇಳುತ್ತೇವೆ. ತಡೆಯುವ ದಾರಿ ಹೆಚ್ಚೇನೂ ಇಲ್ಲದ ರೋಗವಾದ್ದರಿಂದ ಬೇಗ ಗುರುತಿಸುವುದು ಮತ್ತು ಸರಿಯಾದ ಚಿಕಿತ್ಸೆಯನ್ನು ಕೊನೆಯವರೆಗೂ ಕೊಡುವುದು ಇವೆರಡೇ ನಮ್ಮ ಕೈಯಲ್ಲಿರುವುದು. ಸರಿಯಾದ ಚಿಕಿತ್ಸೆ ಯಾವುದೆಂದು ತಿಳಿಸುವುದು ಸಂಶೋಧನೆ. ಆ ಸಂಶೋಧನೆಯ ಚರಿತ್ರೆಯನ್ನು ನೋಡಿದರೆ, ಅದರ ಬುನಾದಿಯಲ್ಲಿ ಸರ್ಕಾರಗಳಿಗಿಂತ ಮೊದಲೇ ಸಾಮಾನ್ಯರ ಮತ್ತು ದಾನಿಗಳ ಹಣ ಬಿದ್ದಿರುವುದು ಕಾಣುತ್ತದೆ.

ಈ ಚರಿತ್ರೆಯ ಒಂದು ಎಳೆ ಕನ್ನಡ ನಾಡಿನಿಂದಲೇ ಹೊರಡುತ್ತದೆ. ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಮುಖ್ಯಾಧಿಕಾರಿಯಾಗಿದ್ದ ಹೊರ್ಮುಸ್‌ಜಿ ಭಾಭಾ ಅವರ ಮಗಳು ಮೆಹರ್‌ಬಾಯಿ. ಜಮ್‌ಷೆಡ್‌ಜಿ ಟಾಟಾ ಅವರ ಹಿರಿಯ ಮಗ ದೊರಾಬ್‌ಜಿ 1898ರಲ್ಲಿ ಆಕೆಯನ್ನು ವಿವಾಹವಾದರು. 1931ರಲ್ಲಿ ಆಕೆ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ಮರುವರ್ಷ, ತಾವು ಕಣ್ಮುಚ್ಚುವ ಕೆಲವೇ ತಿಂಗಳ ಮೊದಲು, ದೊರಾಬ್‌ಜಿಯವರು ಪತ್ನಿಯ ಹೆಸರಿನಲ್ಲಿ ಲೇಡಿ ಟಾಟಾ ಸ್ಮಾರಕ ಟ್ರಸ್ಟ್ ಸ್ಥಾಪಿಸಿದರು. ಅದರ ಆದಾಯದ ಐದರಲ್ಲಿ ನಾಲ್ಕು ಪಾಲು ರಕ್ತದ ಕ್ಯಾನ್ಸರಿನ ಬಗ್ಗೆ ಯಾವ ದೇಶದಲ್ಲೇ ಆಗಲಿ ನಡೆಯುವ ಸಂಶೋಧನೆಗೆ, ಉಳಿದ ಒಂದು ಪಾಲು ಭಾರತದಲ್ಲಿ ಜನರ ಸಂಕಟ ನೀಗುವ ಕೆಲಸಗಳಿಗೆ ಎಂದು ವಿಂಗಡಿಸಲಾಯಿತು. ಆಗ ಈ ರೋಗಕ್ಕೆ ಮದ್ದೇ ಇರಲಿಲ್ಲ, ಬರುವ ಸೂಚನೆಯೂ ಇರಲಿಲ್ಲ. ದುಃಖದಲ್ಲಿದ್ದ ಮನುಷ್ಯ ಪತ್ನಿಯ ಹೆಸರಿನಲ್ಲಿ ಕಟ್ಟಡ ಕಟ್ಟಿಸುವುದು ಸಹಜ. ತಮ್ಮ ಕಾಲದಲ್ಲಿ ಉತ್ತರ ಸಿಗಲಾರದ ಪ್ರಶ್ನೆಯೊಂದಕ್ಕೆ ನಾಲ್ಕು ಪಾಲನ್ನು ಎತ್ತಿಟ್ಟದ್ದು ನಮಗೆ ಅಪರೂಪವಾಗಿ ಕಾಣುತ್ತದೆ. ಅವರು ತಮ್ಮ ಆಸ್ತಿಯನ್ನೂ ಮಡದಿಯ ಆಭರಣಗಳನ್ನೂ ಒಪ್ಪಿಸಿದ ಇನ್ನೊಂದು ಟ್ರಸ್ಟ್‌ನಿಂದ 1941ರಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ ಎದ್ದಿತು.

ಇನ್ನೊಂದು ಎಳೆ ನೆರೆಯ ಆಂಧ್ರದ್ದು. ಭೀಮಾವರಂನಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಓದಲು ಅಮೆರಿಕಕ್ಕೆ ಹೋಗಬೇಕೆಂದಾಗ ನೆರವಿಗೆ ಬಂದದ್ದು ಮಾವನ ಮನೆಯ ಹಣ ಮತ್ತು ಕಾಕಿನಾಡದ ಸತ್ಯಲಿಂಗಂ ನಾಯ್ಕರ್ ಧರ್ಮಸಂಸ್ಥೆ. ಮುಂದೆ ಅವರ ನೇತೃತ್ವದ ಪ್ರಯೋಗಾಲಯದಲ್ಲಿ ತಯಾರಾದ ಅಮಿನೋಪ್ಟೆರಿನ್ ಎಂಬ ಔಷಧಿಯನ್ನು ಬೋಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರ್ ರಕ್ತದ ಕ್ಯಾನ್ಸರಿನ 16 ಮಕ್ಕಳಿಗೆ ಕೊಟ್ಟು ನೋಡಿದರು. 10 ಮಕ್ಕಳಲ್ಲಿ ರೋಗ ತಾತ್ಕಾಲಿಕವಾಗಿ ಹಿಂದೆ ಸರಿಯಿತು. 1948ರಲ್ಲಿ ಈ ಫಲಿತಾಂಶ ಪ್ರಕಟವಾದಾಗ ವೈದ್ಯಲೋಕದಲ್ಲಿ ನಂಬಿದವರಿಗಿಂತ ನಂಬದವರೇ ಹೆಚ್ಚು. ಕಾಕಿನಾಡದ ಆ ಧರ್ಮಸಂಸ್ಥೆಯವರು ಒಬ್ಬ ಬಡ ವಿದ್ಯಾರ್ಥಿಗೆ ಹಣ ಕೊಟ್ಟಾಗ ಅದು ಇಂತಹ ಕಡೆ ಫಲ ಕೊಟ್ಟೀತೆಂದು ಕನಸಿನಲ್ಲಿಯೂ ಎಣಿಸಿರಲಾರರು.

ಫಾರ್ಬರ್ ಅವರ ಮುಂದಿನ ಸಂಶೋಧನೆಗೆ ಹಣ ಬಂದದ್ದು ಜನಸಾಮಾನ್ಯರಿಂದ. 1948ರ ಮೇ 22ರಂದು ಅಮೆರಿಕದ ರೇಡಿಯೋದಲ್ಲಿ, ಅವರ ಆಸ್ಪತ್ರೆಯಲ್ಲಿದ್ದ ಒಬ್ಬ ಹುಡುಗನನ್ನು ‘ಜಿಮ್ಮಿ’ ಎಂಬ ಬದಲಿ ಹೆಸರಿನಿಂದ ಮಾತನಾಡಿಸಲಾಯಿತು. ಹುಡುಗ ಬೇಡಿದ್ದು ಬೇಸ್‌ಬಾಲ್ ಆಟ ನೋಡಲು ಒಂದು ಟಿವಿ. ಸಂಘಟಕರು ಎದುರುನೋಡಿದ್ದು 20,000 ಡಾಲರ್, ಬಂದದ್ದು 2,31,000 ಡಾಲರಿಗೂ ಹೆಚ್ಚು. ಈ ಮನವಿಗೂ ನಮ್ಮ ವಾಟ್ಸಾಪ್ ಮನವಿಗೂ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಅಲ್ಲಿ ಜನ ಕರಗಿದ್ದು ಒಂದು ಮಗುವಿನ ಧ್ವನಿ ಕೇಳಿ, ಆದರೆ ಹಣ ಆ ಒಂದು ಮಗುವಿನ ಹೆಸರಿಗೆ ಹೋಗಲಿಲ್ಲ. ಜಿಮ್ಮಿ ನಿಧಿ ಎಂಬ ಹೆಸರಿನಲ್ಲಿ ಇನ್ನೂ ಹುಟ್ಟದ ಮಕ್ಕಳ ಸಲುವಾಗಿ ಅದು ಉಳಿಯಿತು, ಇಂದಿಗೂ ನಡೆಯುತ್ತಿದೆ.

ಇದೆಲ್ಲ ಪರದೇಶದ ಮಾತಾಯಿತು, ನಮ್ಮ ಮಕ್ಕಳಿಗೇನು ಎಂದು ಕೇಳುವವರಿಗೆ 1984ರ ಒಂದು ಪ್ರಯತ್ನವನ್ನು ನೆನಪಿಸಬೇಕು. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಸಹಯೋಗದಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ, ದೆಹಲಿಯ ಏಮ್ಸ್ ಮತ್ತು ಚೆನ್ನೈನ ಅಡಯಾರ್ ಕ್ಯಾನ್ಸರ್ ಸಂಸ್ಥೆಗಳು ಮಕ್ಕಳ ರಕ್ತದ ಕ್ಯಾನ್ಸರಿಗೆ ಒಂದೇ ಬಗೆಯ ಚಿಕಿತ್ಸಾ ಕ್ರಮವನ್ನು ರೂಪಿಸಿಕೊಂಡವು. ಎಂಸಿಪಿ-841 ಎಂಬುದು ಅದರ ಹೆಸರು. ಇಲ್ಲಿನ ಆಸ್ಪತ್ರೆಗಳಿಗೆ ನಿಭಾಯಿಸಲಾಗುವಂತೆ, ಇಲ್ಲಿನ ಮಕ್ಕಳ ದೇಹ ತಾಳಿಕೊಳ್ಳುವಂತೆ ಅದನ್ನು ಹೊಂದಿಸಲಾಗಿತ್ತು. ಅದಕ್ಕೂ ಮೊದಲು ನೂರಕ್ಕೆ 20 ಮಕ್ಕಳು ಉಳಿದರೆ ಹೆಚ್ಚು ಎನ್ನುವಂತಿತ್ತು. ಈ ಕ್ರಮ ಬಂದ ಮೇಲೆ ಆ ಕೇಂದ್ರಗಳಲ್ಲಿ 45ರಿಂದ 60ರವರೆಗೆ ಏರಿತು. ಯಾವ ಹೊಸ ಅದ್ಭುತ ಔಷಧಿಯೂ ಬರಲಿಲ್ಲ. ಇದ್ದ ಔಷಧಿಗಳನ್ನೇ ಯಾವ ಕ್ರಮದಲ್ಲಿ, ಎಷ್ಟು, ಎಷ್ಟು ದಿನ ಕೊಡಬೇಕೆಂದು ಕಲಿತದ್ದರಿಂದ ಇಷ್ಟು ಮಕ್ಕಳು ಮನೆಗೆ ಮರಳಿದರು. ಈ ಮೂರರಲ್ಲಿ ಎರಡು ಸಂಸ್ಥೆಗಳು ದಾನದಿಂದ ಹುಟ್ಟಿದವು ಎಂಬುದನ್ನೂ ಹೇಳಬೇಕು: ಟಾಟಾ ಆಸ್ಪತ್ರೆಯ ಕಥೆ ಮೇಲೆ ಬಂತು, ಅಡಯಾರಿನದನ್ನು ಸಹೋದರಿಯನ್ನು ಕ್ಯಾನ್ಸರಿಗೆ ಕಳೆದುಕೊಂಡ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರು ಜನರಿಂದ ಹಣ ಕೂಡಿಸಿ 1954ರಲ್ಲಿ ಆರಂಭಿಸಿದರು.

ಆ ಕೆಲಸ ಮುಗಿದಿಲ್ಲ. 2016ರಲ್ಲಿ ದೇಶದ ಹಲವು ದೊಡ್ಡ ಆಸ್ಪತ್ರೆಗಳು ಕೂಡಿ ಐಸಿಕಲ್ ಎಂಬ ಹೆಸರಿನ ಅಧ್ಯಯನ ಆರಂಭಿಸಿದವು. ಅದು ಕೇಳಿದ ಪ್ರಶ್ನೆ ನಮ್ಮಂತಹ ಪ್ರದೇಶಕ್ಕೆ ಬಹಳ ಹತ್ತಿರದ್ದು. ಕ್ಯಾನ್ಸರಿನ ಔಷಧಿ ಬಲವಾದದ್ದು. ರಕ್ತಹೀನತೆ, ಅಪೌಷ್ಟಿಕತೆಯಿಂದ ಬಳಲಿದ ಮಗು ರೋಗದಿಂದ ಪಾರಾಗಿ, ಔಷಧಿಯ ಬೆನ್ನಿಗೆ ಬರುವ ಸೋಂಕಿಗೆ ಬಲಿಯಾಗುವುದುಂಟು. ಹಾಗಾದರೆ ಗುಣವಾಗುವ ಸಂಭವ ಕುಂದದಂತೆ ಔಷಧಿಯ ಪ್ರಮಾಣವನ್ನು ಎಲ್ಲಿ ತಗ್ಗಿಸಬಹುದು? ಈ ಪ್ರಶ್ನೆಯನ್ನು ಅಮೆರಿಕದವರು ನಮಗಾಗಿ ಕೇಳಲಾರರು, ಅವರ ಮಕ್ಕಳಿಗೆ ಅದು ಇಷ್ಟು ಉರಿಯುವ ಪ್ರಶ್ನೆಯಲ್ಲ. ಔಷಧ ಕಂಪನಿಗಳಿಗೂ ಇದರಲ್ಲಿ ಲಾಭವಿಲ್ಲ. ಹಳೆಯ, ಅಗ್ಗದ ಔಷಧಿಯನ್ನು ಇನ್ನೂ ಕಡಿಮೆ ಕೊಡಬಹುದೆಂದು ಸಾಧಿಸಿ ಯಾವ ಕಂಪನಿ ಬದುಕೀತು? ಸರ್ಕಾರದ ಅನುದಾನ ಮತ್ತು ಧರ್ಮಾರ್ಥದ ಹಣ, ಇಂತಹ ಪ್ರಶ್ನೆಗಳಿಗೆ ಇರುವ ಆಸರೆ ಇವೆರಡೇ.

ನಮ್ಮ ಸಮಾಜಕ್ಕೆ ಕೊಡುವುದು ಹೊಸತಲ್ಲ. ತನ್ನ ಇಡೀ ಸಂಸ್ಥಾನದ ಆಸ್ತಿಯನ್ನು ಮಕ್ಕಳ ವಿದ್ಯೆಗೆ ಬರೆದಿಟ್ಟು 1906ರಲ್ಲಿ ಲಿಂಗೈಕ್ಯರಾದ ಸಿರಸಂಗಿ ಲಿಂಗರಾಜರ ಹೆಸರು ತಿಳಿಯದ ಲಿಂಗಾಯತ ಮನೆ ಇರಲಾರದು. ಅವರೂ ಮುಂದೆ ಯಾವ ಮಗು ಯಾವ ಪದವಿಗೇರುತ್ತದೆಂದು ನೋಡಿ ಕೊಟ್ಟವರಲ್ಲ. ಸಿದ್ಧಗಂಗೆಯ ಲಿಂಗೈಕ್ಯ ಶಿವಕುಮಾರ ಮಹಾಸ್ವಾಮಿಗಳ ಅನ್ನ, ಅಕ್ಷರ ದಾಸೋಹ ಕಣ್ಣೆದುರಿನ ಚರಿತ್ರೆ. ವೈದ್ಯಕೀಯದಲ್ಲಿ ಹೇಳುವುದಾದರೆ, ಬೆಳಗಾವಿಯ ಕೆಎಲ್‌ಇ ಸಂಸ್ಥೆಯ ಕ್ಯಾನ್ಸರ್ ಆಸ್ಪತ್ರೆ 2025ರ ಜನವರಿಯಲ್ಲಿ ರಾಷ್ಟ್ರಪತಿಯವರಿಂದ ಉದ್ಘಾಟನೆಗೊಂಡಿತು; ಅಮೆರಿಕದಲ್ಲಿ ನೆಲೆಸಿದ್ದ ಕನ್ನಡಿಗ ವೈದ್ಯ ಡಾ. ಸಂಪತ್‌ಕುಮಾರ್ ಶಿವಣಗಿ ಅವರ ಕೊಡುಗೆ ಅದರ ಹಿಂದಿದೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ಆವರಣದಲ್ಲಿ ಇನ್ಫೋಸಿಸ್ ಪ್ರತಿಷ್ಠಾನ ಕಟ್ಟಿಸಿದ ಧರ್ಮಶಾಲೆಯನ್ನು ಕಲ್ಯಾಣ ಕರ್ನಾಟಕದಿಂದ ಹೋದವರು ಬಲ್ಲರು.

ಇವೆಲ್ಲವೂ ಸ್ತುತ್ಯ. ಆದರೆ ಒಂದು ಮಾತನ್ನು ಸಂಕೋಚ ಬಿಟ್ಟು ಹೇಳುತ್ತೇವೆ: ನಮ್ಮ ದಾನಕ್ಕೆ ಗೋಡೆ ಬೇಕು, ಗೋಡೆಯ ಮೇಲೆ ಅಮೃತಶಿಲೆಯ ಫಲಕ ಬೇಕು. ಫ್ಯಾನಿನ ಮೂರು ರೆಕ್ಕೆಗಳ ಮೇಲೂ ದಾನಿಯ ಹೆಸರು ಬರೆಸುವ ಊರುಗಳಲ್ಲಿ ನಾವಿದ್ದೇವೆ. ಸಂಶೋಧನೆಗೆ ಫಲಕ ಹಾಕಲು ಜಾಗವಿಲ್ಲ. ಒಬ್ಬ ದತ್ತಾಂಶ ಸಹಾಯಕನ ಸಂಬಳ, ರಕ್ತದ ಮಾದರಿ ಕೆಡದಂತೆ ಇಡುವ ಶೀತಯಂತ್ರ, ಚಿಕಿತ್ಸೆ ಮುಗಿದು ಐದು ವರ್ಷವಾದ ಮೇಲೂ ಮಗು ಹೇಗಿದೆಯೆಂದು ಹಳ್ಳಿಗೆ ಫೋನ್ ಮಾಡುವ ಖರ್ಚು, ಇವುಗಳ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಲಾಗುವುದಿಲ್ಲ. ಕೆಲವು ಅಧ್ಯಯನಗಳು ‘ಈ ದಾರಿ ಪ್ರಯೋಜನವಿಲ್ಲ’ ಎಂಬ ಉತ್ತರದಲ್ಲಿ ಮುಗಿಯುತ್ತವೆ. ಅದೂ ಬೆಲೆಯುಳ್ಳ ಉತ್ತರವೇ, ಆದರೆ ಜಾತ್ರೆಯ ವೇದಿಕೆಯಲ್ಲಿ ಓದಿ ಹೇಳುವಂಥದ್ದಲ್ಲ. ದಾನಕ್ಕೂ ದಾಸೋಹಕ್ಕೂ ಶರಣರು ಮಾಡಿದ ಭೇದ ಇಲ್ಲಿ ಪರೀಕ್ಷೆಗೆ ಬರುತ್ತದೆ. ದಾನದಲ್ಲಿ ಕೊಟ್ಟವನು ಮೇಲಿರುತ್ತಾನೆ; ದಾಸೋಹದಲ್ಲಿ ಕೊಟ್ಟವನೆಂಬ ಭಾವವೇ ಉಳಿಯಬಾರದು.

ಇದಕ್ಕೆ ಬರುವ ಆಕ್ಷೇಪ ಸಣ್ಣದಲ್ಲ. ಬಾಗಿಲಲ್ಲಿ ಮಗು ನಿಂತಿರುವಾಗ, ಕಾಣದ ಮಗುವಿನ ಹೆಸರಿನಲ್ಲಿ ಹಣ ತೆಗೆದಿಡುವುದು ಯಾವ ಧರ್ಮ ಎಂದು ಹಿರಿಯ ಭಕ್ತರೊಬ್ಬರು ನಮ್ಮನ್ನು ನೇರವಾಗಿಯೇ ಕೇಳಿದ್ದಾರೆ. ಬಾಗಿಲಿಗೆ ಬಂದ ಮಗುವನ್ನು ಹಿಂದಕ್ಕೆ ಕಳಿಸುವ ಮಾತು ನಮ್ಮದಲ್ಲ, ಶ್ರೀಮಠದಲ್ಲಿ ಅದು ಆಗದ ಕೆಲಸ. ಆದರೆ ಬಾಗಿಲಿಗೆ ಬಂದ ಮಗುವಿಗೆ ಇಂದು ವೈದ್ಯರು ಭರವಸೆಯಿಂದ ಮಾತನಾಡುತ್ತಿರುವುದೇ, ಎಂದೋ ಯಾರೋ ಕಾಣದ ಮಗುವಿಗಾಗಿ ಹಣ ತೆಗೆದಿಟ್ಟಿದ್ದರಿಂದ. ನಾವು ಉಂಡ ಅನ್ನವನ್ನು ಯಾರೋ ಬಿತ್ತಿದ್ದಾರೆ. ಬಿತ್ತನೆಗೆಂದು ಚೀಲವೊಂದನ್ನು ಪಕ್ಕಕ್ಕಿಡದ ರೈತ ತುಂಗಭದ್ರಾ ಎಡದಂಡೆಯ ನೀರಿನಲ್ಲಿ ಒಬ್ಬನೂ ಸಿಗಲಾರ.

ಎಷ್ಟು ಪಾಲು ಎಂಬುದೇ ಪ್ರಶ್ನೆ. ಲೇಡಿ ಟಾಟಾ ಟ್ರಸ್ಟಿನ ಲೆಕ್ಕವನ್ನು ನಾವು ತಿರುವಿ ಹಾಕಿಕೊಳ್ಳಬಹುದೆಂದು ನಮ್ಮ ಸಲಹೆ. ಶ್ರೀಮಠದಿಂದ ವರ್ಷಕ್ಕೆ ವೈದ್ಯಕೀಯ ನೆರವಿಗೆ ಹೋಗುವ ಮೊತ್ತದಲ್ಲಿ ಐದರ ನಾಲ್ಕು ಪಾಲು ಈಗಿನಂತೆಯೇ ಬಾಗಿಲಿಗೆ ಬಂದವರಿಗೆ. ಒಂದು ಪಾಲು ಮಕ್ಕಳ ಕ್ಯಾನ್ಸರಿನ ಸಂಶೋಧನೆಗೆ, ಯಾವ ಹೆಸರೂ ಇಲ್ಲದೆ. ಹಣ ದೊಡ್ಡದಲ್ಲ. ಆದರೆ ಇಂತಹ ಹತ್ತಾರು ಮಠಗಳು ಒಪ್ಪಿದರೆ ಸಣ್ಣದೂ ಆಗಲಾರದು.

ಸಂಶೋಧನೆ ಎಂದೊಡನೆ ಸೂಕ್ಷ್ಮದರ್ಶಕವನ್ನೇ ಕಲ್ಪಿಸಿಕೊಳ್ಳಬೇಕಿಲ್ಲ. ನಮ್ಮ ಕಡೆಯ ಮಕ್ಕಳಿಗೆ ಅತ್ಯಂತ ತುರ್ತಿನ ಸಂಶೋಧನೆ ಬೇರೊಂದಿದೆ. ರಕ್ತದ ಕ್ಯಾನ್ಸರಿನ ಚಿಕಿತ್ಸೆ ಎರಡರಿಂದ ಮೂರು ವರ್ಷ ನಡೆಯುತ್ತದೆ. ಮೊದಲ ತಿಂಗಳುಗಳಲ್ಲಿ ಮಗು ಚೇತರಿಸಿಕೊಂಡು ಆಡಲು ಶುರುಮಾಡುತ್ತದೆ. ಗುಣವಾಯಿತೆಂದು ತಿಳಿದು, ಅಥವಾ ಸಾಲ ಹೆಚ್ಚಿತೆಂದು, ಅಥವಾ ಭತ್ತದ ಕೊಯ್ಲು ಬಂತೆಂದು ಮನೆಯವರು ಊರಿಗೆ ಮರಳುತ್ತಾರೆ. ಬಿಟ್ಟ ಚಿಕಿತ್ಸೆ ಬಿಟ್ಟೇ ಹೋಗುತ್ತದೆ. ಮುಂಬಯಿಯ ಟಾಟಾ ಆಸ್ಪತ್ರೆಯವರು ಹೀಗೆ ಬಿಟ್ಟುಹೋಗುವವರನ್ನು ಲೆಕ್ಕ ಹಾಕಿದರು. 2009ರ ಸುಮಾರಿಗೆ ನೂರಕ್ಕೆ 20ರಷ್ಟು ಕುಟುಂಬಗಳು ಚಿಕಿತ್ಸೆ ನಿರಾಕರಿಸುತ್ತಿದ್ದವು ಇಲ್ಲವೇ ನಡುವೆ ಬಿಡುತ್ತಿದ್ದವು. ವಸತಿ, ಆಹಾರ, ಔಷಧಿ, ಸಮಾಧಾನದ ಮಾತು, ಬಾರದವರನ್ನು ಹುಡುಕಿ ಕರೆಯುವ ಫೋನು, ಇವೆಲ್ಲವನ್ನೂ ದಾನಿಗಳ ಹಣದಿಂದ ಒಂದೇ ವ್ಯವಸ್ಥೆಯಾಗಿ ಜೋಡಿಸಿದ ಮೇಲೆ ಕೆಲವೇ ವರ್ಷಗಳಲ್ಲಿ ಅದು 5ರ ಆಸುಪಾಸಿಗೆ ಇಳಿಯಿತು. ಎಣಿಸಿದ್ದರಿಂದ ತಿಳಿಯಿತು, ತಿಳಿದದ್ದರಿಂದ ತಡೆಯಲಾಯಿತು. ಮಸ್ಕಿಯಿಂದ ಬೆಂಗಳೂರಿಗೆ ಸುಮಾರು 400 ಕಿಲೋಮೀಟರ್. ಕಲಬುರಗಿಯಲ್ಲಿ ಕಿದ್ವಾಯಿಯ ಶಾಖಾ ಕೇಂದ್ರವಿದೆ. ಈ ಮೂರು ತಾಲೂಕುಗಳಿಂದ ಎಷ್ಟು ಮಕ್ಕಳು ಹೊರಟರು, ಎಷ್ಟು ಮಕ್ಕಳ ಚಿಕಿತ್ಸೆ ಪೂರ್ತಿಯಾಯಿತು, ನಡುವೆ ಬಿಟ್ಟವರು ಯಾಕೆ ಬಿಟ್ಟರು ಎಂಬ ಲೆಕ್ಕವನ್ನು ಆಸ್ಪತ್ರೆಗಳ ಜೊತೆ ಕೂಡಿ ಇಡುವುದು ಮಠವೊಂದರ ಕೈಗೆ ಎಟುಕುವ ಕೆಲಸ. ಕಿದ್ವಾಯಿಯವರು 1982ರಿಂದ ಕ್ಯಾನ್ಸರ್ ನೋಂದಣಿ ನಡೆಸುತ್ತಿದ್ದಾರೆ, ಆದರೆ ಅದು ಬೆಂಗಳೂರಿನ ಜನಸಂಖ್ಯೆಯ ಲೆಕ್ಕ.

ಸರ್ಕಾರ ಏನೂ ಮಾಡುತ್ತಿಲ್ಲವೆಂದು ಹೇಳಲಾಗದು. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಸೌಲಭ್ಯವಿದೆ. ಮೂರು ವರ್ಷಗಳಲ್ಲಿ ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲಿ ಕ್ಯಾನ್ಸರ್ ಡೇ-ಕೇರ್ ಕೇಂದ್ರ ತೆರೆಯುವುದಾಗಿ 2025ರ ಫೆಬ್ರವರಿಯ ಕೇಂದ್ರ ಬಜೆಟ್ಟಿನಲ್ಲಿ ಘೋಷಿಸಲಾಯಿತು. ರಾಯಚೂರಿನಲ್ಲಿ ಅದು ಮಕ್ಕಳಿಗೂ ಒದಗುವಂತಾದರೆ ಬೆಂಗಳೂರಿನ ಎಷ್ಟೋ ಪ್ರಯಾಣ ತಪ್ಪುತ್ತದೆ. ಜನಪ್ರತಿನಿಧಿಗಳನ್ನು ಇದರ ಬಗ್ಗೆ ಕೇಳುತ್ತಲೇ ಇರಬೇಕು. 2013ರ ಕಂಪನಿ ಕಾಯಿದೆಯಂತೆ ದೊಡ್ಡ ಕಂಪನಿಗಳು ಸರಾಸರಿ ಲಾಭದ ನೂರಕ್ಕೆ 2ರಷ್ಟನ್ನು ಸಮಾಜಕ್ಕೆ ವಿನಿಯೋಗಿಸಬೇಕು. ಮಕ್ಕಳ ಕ್ಯಾನ್ಸರ್ ಜಾಗೃತಿಗೆ ಜಗತ್ತಿನಾದ್ಯಂತ ಬಳಸುವ ಗುರುತು ಚಿನ್ನದ ಬಣ್ಣದ ಪಟ್ಟಿ, ಸೆಪ್ಟೆಂಬರ್ ಅದರ ತಿಂಗಳು. ಚಿನ್ನದ ಗಣಿ ನಮ್ಮ ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲೇ ಇದೆ. ರಾಜ್ಯ ಸರ್ಕಾರದ ಆ ಕಂಪನಿಯ ಮುಂದೆ ಈ ಬೇಡಿಕೆ ಇಡಲು ಇದಕ್ಕಿಂತ ಹೊಂದುವ ನೆಪ ಬೇಕೆ? (1915ರಲ್ಲಿ ಮಸ್ಕಿಯ ಅಶೋಕ ಶಾಸನವನ್ನು ಕಂಡುಹಿಡಿದವನೂ ಒಬ್ಬ ಚಿನ್ನದ ಗಣಿಯ ಎಂಜಿನಿಯರೇ. ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದೆನೆಂಬ ಅಶೋಕನ ಮಾತು ಮಾತ್ರ ನಮ್ಮೂರ ಶಾಸನದಲ್ಲಿಲ್ಲ, ಬೇರೆಡೆಯದರಲ್ಲಿದೆ. ನಮ್ಮ ಭಾಷಣಕಾರರು ಎರಡನ್ನೂ ಬೆರೆಸುವುದನ್ನು ಬಿಡಬೇಕು.)

ಒಂದು ಭಯವನ್ನೂ ಇಲ್ಲಿಯೇ ನಿವಾರಿಸಬೇಕು. ‘ಸಂಶೋಧನೆ ಎಂದು ಹೇಳಿ ನಮ್ಮ ಮಗುವಿನ ಮೇಲೆ ಪ್ರಯೋಗ ಮಾಡುತ್ತಾರೆ’ ಎಂದು ತಂದೆತಾಯಿಯರು ಅಂಜುತ್ತಾರೆ. ಅಂಜಿಕೆ ಅಕಾರಣವಲ್ಲ, ಬಡವರಿಗೆ ತಿಳಿಸದೆ ಔಷಧಿ ಪರೀಕ್ಷಿಸಿದ ಕೆಟ್ಟ ಉದಾಹರಣೆಗಳು ಜಗತ್ತಿನಲ್ಲಿವೆ. ಅದಕ್ಕೇ ಈಗ ನೈತಿಕ ಸಮಿತಿಯ ಒಪ್ಪಿಗೆ ಕಡ್ಡಾಯ, ಪಾಲಕರ ಲಿಖಿತ ಸಮ್ಮತಿ ಕಡ್ಡಾಯ. ಏಳು ವರ್ಷ ದಾಟಿದ ಮಗುವಿಗೆ ಅದರ ಭಾಷೆಯಲ್ಲಿ ವಿವರಿಸಿ ಅದರ ಒಪ್ಪಿಗೆಯನ್ನೂ ಕೇಳಬೇಕು. ಅಧ್ಯಯನಕ್ಕೆ ಸೇರಿದ ಮಗುವಿಗೆ ಚಿಕಿತ್ಸೆ ತಪ್ಪುವುದಿಲ್ಲ. ಇಂದು ತಿಳಿದಿರುವ ಒಳ್ಳೆಯ ಚಿಕಿತ್ಸೆಯನ್ನು ಬುನಾದಿಯಾಗಿಟ್ಟುಕೊಂಡೇ ಹೋಲಿಕೆ ನಡೆಯುತ್ತದೆ. ಬೇಡವೆನ್ನುವ ಹಕ್ಕೂ, ನಡುವೆ ಹೊರಬರುವ ಹಕ್ಕೂ ಕುಟುಂಬಕ್ಕಿದೆ, ಹಾಗೆ ಹೊರಬಂದರೆ ಸಾಮಾನ್ಯ ಚಿಕಿತ್ಸೆ ನಿಲ್ಲಬಾರದು.

ಹಣ ಕೊಡುವವರೂ ಹಾಗೆಯೇ ಪ್ರಶ್ನೆ ಕೇಳಬೇಕು. ಭಕ್ತಿಯಿಂದ ಕೊಟ್ಟದ್ದನ್ನು ಲೆಕ್ಕ ಕೇಳಬಾರದೆಂಬ ಭಾವನೆ ನಮ್ಮಲ್ಲಿದೆ, ಅದು ಸಲ್ಲದು. ಚಿಕಿತ್ಸಾ ಪ್ರಯೋಗಗಳ ರಾಷ್ಟ್ರೀಯ ನೋಂದಣಿಯಲ್ಲಿ ಈ ಅಧ್ಯಯನ ದಾಖಲಾಗಿದೆಯೇ? 2009ರಿಂದ ಅದು ಕಡ್ಡಾಯವಾಗಿದೆ, ಯಾರು ಬೇಕಾದರೂ ಅಂತರ್ಜಾಲದಲ್ಲಿ ತೆರೆದು ನೋಡಬಹುದು. ಫಲಿತಾಂಶ ನಿರಾಶಾದಾಯಕವಾದರೂ ಪ್ರಕಟಿಸುತ್ತೀರಾ? ನಮ್ಮ ನೂರು ರೂಪಾಯಿಯಲ್ಲಿ ಜಾಹೀರಾತಿಗೆ, ಕಚೇರಿಗೆ ಎಷ್ಟು ಹೋಗುತ್ತದೆ? ಈ ಪ್ರಶ್ನೆಗಳಿಗೆ ಸಿಟ್ಟಾಗುವ ಸಂಸ್ಥೆಗೆ ಕೊಡದಿರುವುದೇ ಲೇಸು. ವಾಟ್ಸಾಪಿನಲ್ಲಿ ಬರುವ ಚಿತ್ರಗಳಿಗೂ ಇದೇ ಎಚ್ಚರ ಬೇಕು. ಯಾರದೋ ಮಗುವಿನ ಚಿತ್ರಕ್ಕೆ ಇನ್ನಾರದೋ ಖಾತೆ ಸಂಖ್ಯೆ ಜೋಡಿಸುವವರೂ ಇದ್ದಾರೆ. ಹಣ ಕಳಿಸುವ ಮುನ್ನ ಆಸ್ಪತ್ರೆಯ ಸಮಾಜ ಕಾರ್ಯಕರ್ತರ ವಿಭಾಗಕ್ಕೆ ಫೋನ್ ಮಾಡಿ ವಿಚಾರಿಸಿ, ಸಾಧ್ಯವಾದರೆ ಆಸ್ಪತ್ರೆಯ ಖಾತೆಗೇ ಕಟ್ಟುವುದು ಒಳ್ಳೆಯದು.

ಐದರಲ್ಲಿ ಒಂದು ಪಾಲಿನ ಸಲಹೆಯನ್ನು ಪರಮಪೂಜ್ಯರ ಸನ್ನಿಧಿಯಲ್ಲಿ ನಡೆಯುವ ಮುಂದಿನ ಆಡಳಿತ ಸಮಿತಿ ಸಭೆಯ ಮುಂದೆ ಇಡಲಿದ್ದೇವೆ. ಅದಕ್ಕೂ ಮೊದಲು ಭಕ್ತರ ಅಭಿಪ್ರಾಯ ನಮಗೆ ಬೇಕು. ಲಿಖಿತವಾಗಿ ಶ್ರೀಮಠದ ಕಚೇರಿಗೆ ಕೊಡಬಹುದು. ಒಪ್ಪದವರು ತಪ್ಪದೆ ಬರೆಯಬೇಕೆಂದು ಕೋರುತ್ತೇವೆ. ಮನೆಯ ಮಗುವಿಗೆ ಈ ಚಿಕಿತ್ಸೆ ಕೊಡಿಸಿದವರು, ಮಗುವನ್ನು ಉಳಿಸಿಕೊಂಡವರಾಗಲಿ ಕಳೆದುಕೊಂಡವರಾಗಲಿ, ಎಲ್ಲಿ ಅಡಚಣೆಯಾಯಿತೆಂದು ನಾಲ್ಕು ಸಾಲು ಬರೆದುಕೊಟ್ಟರೆ ಸಾಕು, ಹೆಸರು ಬೇಕಿಲ್ಲ. ಬರೆಯಲು ಬಾರದವರು ಸೋಮವಾರದ ದಾಸೋಹಕ್ಕೆ ಬಂದಾಗ ಹೇಳಿದರೆ ನಾವೇ ಬರೆದುಕೊಳ್ಳುತ್ತೇವೆ.